ಕಥೆ ಹೆಚ್ಚೋ, ಕಟ್ಟಳೆ ಹೆಚ್ಚೋ? – ಪಾತ್ರ ವಹಿಸಿ ಆಡುವ ಆಟಗಳ ಒಂದು ವಿವೇಚನೆ

ಆಹಾರ, ನಿದ್ರೆ, ವ್ಯಾಯಾಮಗಳಂತೆಯೇ ಆಟವೂ ಆರೋಗ್ಯಕರ ಜೀವನದ ಒಂದು ಅಂಗವೆಂಬುದನ್ನು ಯಾರೂ ಅಲ್ಲಗಳೆಯಲಾರರು. ದೇಹದ ಆಟಗಳ ವಿಷಯದಲ್ಲಿ ಸಾಕಷ್ಟು ಬರಹಗಳು ಬಂದಿವೆ. ಆದರೆ ಮನೆಯೊಳಗೆ ಕುಳಿತು, ನಾಲ್ಕಾರು ಮಂದಿ ಎದುರುಬದುರಾಗಿ ಮಾತನಾಡುತ್ತ ಆಡುವ ಆಟಗಳ ವಿಷಯದಲ್ಲಿ ಅಷ್ಟು ವಿಚಾರ ನಡೆದಂತಿಲ್ಲ. ಮಹಾನಗರದ ಇಕ್ಕಟ್ಟಿನ ವಸತಿಗಳಲ್ಲಿ ಬೆಳೆಯುವ ಮಕ್ಕಳಿಗೆ ಇಂತಹ ಆಟಗಳೇ ಹೆಚ್ಚು ಕೈಗೆಟಕುವಂಥವು. ಆದುದರಿಂದ ಅವು ಹೇಗೆ ಬಾಳುತ್ತವೆ, ಏಕೆ ಅಳಿಯುತ್ತವೆ ಎಂಬುದನ್ನು ತಿಳಿಯುವುದು ಅವಶ್ಯಕ.

ಯಾವ ಆಟವನ್ನೇ ತೆಗೆದುಕೊಂಡರೂ ಅದರಲ್ಲಿ ಎರಡು ಅಂಶಗಳಿರುತ್ತವೆ. ಒಂದು ಕಥೆ, ಎಂದರೆ ಆಟದ ಹಿಂದಿರುವ ಲೋಕ, ಪಾತ್ರ, ನಂಬಿಕೆ. ಇನ್ನೊಂದು ಕಟ್ಟಳೆ, ಎಂದರೆ ಸರದಿ, ನಡೆ, ಸೋಲುಗೆಲವುಗಳ ನಿಯಮ. ಚದುರಂಗದಲ್ಲಿ ಕಟ್ಟಳೆಯೇ ಸರ್ವಸ್ವ. ನಮ್ಮ ಮಂತ್ರಿ ಐರೋಪ್ಯರ ಮಣೆಯಲ್ಲಿ ರಾಣಿಯೆನಿಸಿದನು, ನಮ್ಮ ಒಂಟೆ ಅಲ್ಲಿ ಪಾದ್ರಿಯೆನಿಸಿತು. ಹೆಸರುಗಳು ಬೇರೆಯಾದುದರಿಂದ ಆಟದ ಸ್ವಾರಸ್ಯ ಕಿಂಚಿತ್ತೂ ಕುಂದಲಿಲ್ಲ. ಪರಮಪದ ಸೋಪಾನ ಪಟದ ಸ್ಥಿತಿ ಇದಕ್ಕೆ ವಿರುದ್ಧ. ದಾಳ ಉರುಳಿಸುವುದು, ಕಾಯಿ ನಡೆಸುವುದು, ಇಷ್ಟೇ ಅದರ ಕಟ್ಟಳೆ. ಆಟಗಾರನ ಜಾಣ್ಮೆಗೆ ಅಲ್ಲಿ ಎಡೆಯೇ ಇಲ್ಲ. ಆದರೂ ಚೆನ್ನೈನ ಅನೇಕ ಮನೆಗಳಲ್ಲಿ ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ಆ ಪಟವನ್ನು ಹಾಸುವ ವಾಡಿಕೆಯುಂಟು. ಪಾಪದಿಂದ ಹಾವಿನ ಬಾಯಿಗೆ ಬೀಳುವುದು, ಪುಣ್ಯದಿಂದ ಏಣಿಯೇರುವುದು ಎಂಬ ಕಥೆಯೇ ಅದರ ಜೀವ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಇಂಗ್ಲೆಂಡಿಗೆ ಹೋದಾಗ ಮೊದಲು ಅಲ್ಲಿಯ ನೀತಿಗಳನ್ನು ಧರಿಸಿತು, ಅನಂತರ ಅವೂ ಉದುರಿಹೋಗಿ ಬರಿಯ ಅಂಕಿಗಳ ಮಕ್ಕಳಾಟವಾಗಿ ಉಳಿಯಿತು.

ಈ ಎರಡು ತುದಿಗಳ ನಡುವೆ ಮೂರನೆಯ ಬಗೆಯ ಆಟವೊಂದಿದೆ. ಆಡುವವನು ಕಾಯಿಯನ್ನು ನಡೆಸದೆ ತಾನೇ ಒಂದು ಪಾತ್ರವಾಗಿ ಮಾತನಾಡುವ ಆಟವದು. ಇಂಥದರಲ್ಲಿ ಕಥೆಯನ್ನೂ ಕಟ್ಟಳೆಯನ್ನೂ ಬೇರ್ಪಡಿಸುವುದು ಕಷ್ಟ. ಅದು ಬೆಳೆಯಬೇಕಾದರೆ ಕಥೆಯ ಸಂಗ್ರಹವನ್ನು ಹೆಚ್ಚಿಸಬೇಕೆ, ಹೊಸ ಕಟ್ಟಳೆಗಳನ್ನು ತರಬೇಕೆ ಎಂಬುದು ಇಂದು ಅನೇಕ ದೇಶಗಳ ಆಟಗಾರರಲ್ಲಿ ಚರ್ಚೆಯಲ್ಲಿರುವ ಪ್ರಶ್ನೆ. ಕನ್ನಡಿಗರಿಗೂ ಈ ಪ್ರಶ್ನೆ ಹೊರಗಿನದಲ್ಲ.

ಪಶ್ಚಿಮದ ಅನುಭವ

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಮಣೆ ಅನಿವಾರ್ಯವಲ್ಲ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರಗಳನ್ನು ವಹಿಸಿ ತಾವು ಏನು ಮಾಡುವೆವೆಂಬುದನ್ನು ಬಾಯಲ್ಲಿ ಹೇಳುತ್ತಾರೆ. ಮಾಡಲೆಳಸಿದ ಕಾರ್ಯ ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಇಪ್ಪತ್ತು ಮುಖದ ದಾಳ ಈ ಆಟದ ಗುರುತೇ ಆಗಿದೆ. ಮೊದಲ ಪ್ರಕಟಣೆಯಲ್ಲಿದ್ದುದು ಮೂರು ಚಿಕ್ಕ ಪುಸ್ತಿಕೆಗಳು. ಅವುಗಳಲ್ಲಿ ಹೆಚ್ಚಿನ ಪಾಲು ಕಟ್ಟಳೆ, ಕಥೆ ಅತ್ಯಲ್ಪ. ಲೋಕವನ್ನು ಕಟ್ಟಿಕೊಳ್ಳುವ ಕೆಲಸವನ್ನು ಆಡುವವರಿಗೇ ಬಿಡಲಾಗಿತ್ತು.

ಮರುವರ್ಷವೇ, ಎಂದರೆ 1975ರಲ್ಲಿ, ಅದೇ ಸಂಸ್ಥೆಯಿಂದ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಹೊರಬಂದಿತು. ಅದರ ಕರ್ತೃ ಎಂ. ಎ. ಆರ್. ಬಾರ್ಕರ್ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ದಕ್ಷಿಣ ಏಷ್ಯದ ಅಧ್ಯಯನದಲ್ಲಿ ತೊಡಗಿದ್ದ ಪ್ರಾಧ್ಯಾಪಕರು. ಅವರು ತಮ್ಮ ಕಾಲ್ಪನಿಕ ಲೋಕಕ್ಕೆ ಇತಿಹಾಸ, ದೇವತೆಗಳು, ಕುಲಗಳು ಮಾತ್ರವಲ್ಲದೆ ಒಂದು ಭಾಷೆಯನ್ನೇ ನಿರ್ಮಿಸಿದ್ದರು. ಹೀಗೆ ಹುಟ್ಟಿದ ಎರಡು ವರ್ಷಗಳೊಳಗೇ ಈ ಆಟ ಎರಡು ದಾರಿಗಳನ್ನು ಕಂಡಿತು. ಕಟ್ಟಳೆ ಕೊಟ್ಟು ಲೋಕವನ್ನು ಆಟಗಾರರಿಗೆ ಬಿಡುವುದು ಒಂದು ದಾರಿ. ಲೋಕವನ್ನೇ ಸಿದ್ಧಪಡಿಸಿ ಕೈಗಿಡುವುದು ಇನ್ನೊಂದು.

ಎರಡನ್ನೂ ಅತಿಯಾಗಿ ಹಿಡಿದಾಗ ಏನಾಯಿತೆಂಬುದು ವ್ಯಾಪಾರದ ದೃಷ್ಟಿಯಿಂದಲೂ ಬೋಧಪ್ರದವಾಗಿದೆ. 1987ರಿಂದ 1994ರವರೆಗಿನ ಅವಧಿಯಲ್ಲಿ ಆ ಮೂಲ ಸಂಸ್ಥೆ ‘ಫರ್ಗಾಟನ್ ರೆಲ್ಮ್ಸ್’, ‘ಡಾರ್ಕ್ ಸನ್’, ‘ಪ್ಲೇನ್‌ಸ್ಕೇಪ್’ ಮೊದಲಾದ ಹಲವು ಲೋಕಗಳ ಪುಸ್ತಕಗಳನ್ನು ಒಂದರ ಮೇಲೊಂದರಂತೆ ಹೊರತಂದಿತು. ಪ್ರತಿಯೊಂದು ಲೋಕಕ್ಕೂ ಅದರದೇ ಆದ ಅಭಿಮಾನಿಗಳು ಹುಟ್ಟಿಕೊಂಡರು. ಒಂದು ಲೋಕದವನು ಇನ್ನೊಂದರ ಪುಸ್ತಕವನ್ನು ಕೊಳ್ಳುವ ಸಂಭವ ಕಡಮೆಯಾಯಿತು. ಗಿರಾಕಿಗಳ ಒಟ್ಟು ಸಂಖ್ಯೆ ಆ ಪ್ರಮಾಣದಲ್ಲಿ ಬೆಳೆಯದೆ, ಇದ್ದ ಗಿರಾಕಿಗಳೇ ಹಂಚಿಹೋದರು. ಮಾರಾಟವಾಗದ ಪುಸ್ತಕಗಳು ಅಂಗಡಿಗಳಿಂದ ಹಿಂದಿರುಗಿದವು. ಸಾಲದಲ್ಲಿ ಸಿಲುಕಿದ ಸಂಸ್ಥೆಯನ್ನು 1997ರಲ್ಲಿ ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಎಂಬ ಇನ್ನೊಂದು ಸಂಸ್ಥೆ ಕೊಂಡಿತು. ಬೇರೆ ಕಾರಣಗಳೂ ಇದ್ದವಾದರೂ, ಕಥೆಯ ಅತಿಯಾದ ದಾಸ್ತಾನು ಅವುಗಳಲ್ಲೊಂದೆಂದು ವ್ಯವಹಾರ ಬಲ್ಲವರು ಅಭಿಪ್ರಾಯಪಟ್ಟಿದ್ದಾರೆ.

ಕಟ್ಟಳೆಯ ಅತಿಯೂ ಹಾಗೆಯೇ. ಹೊಸ ಮಾಲೀಕರು 2000ದಲ್ಲಿ ನಿಯಮಗಳನ್ನು ಒಂದೇ ಸೂತ್ರಕ್ಕೆ ತಂದು ಪ್ರಕಟಿಸಿದಾಗ ಆಟ ಚೇತರಿಸಿಕೊಂಡಿತು. ಆದರೆ 2008ರಲ್ಲಿ ಅವರೇ ಅದನ್ನು ಬುಡಸಮೇತ ಬದಲಿಸಿದಾಗ ಬಹುಮಂದಿ ಹಳೆಯ ಆಟಗಾರರು ಮುಖ ತಿರುಗಿಸಿದರು. ಹಳೆಯ ನಿಯಮಗಳನ್ನೇ ಆಧರಿಸಿ 2009ರಲ್ಲಿ ಹೊರಬಂದ ‘ಪಾಥ್‌ಫೈಂಡರ್’ ಎಂಬ ಪ್ರತಿಸ್ಪರ್ಧಿ ಆಟ ಅವರನ್ನು ಸೆಳೆದುಕೊಂಡಿತು. 2014ರಲ್ಲಿ, ಆಟಗಾರರ ಅಭಿಪ್ರಾಯಗಳನ್ನು ಪಡೆದು ನಿಯಮಗಳನ್ನು ಸರಳಗೊಳಿಸಿದ ಮೇಲೆಯೇ ಮೂಲ ಆಟ ಮತ್ತೆ ಜನಪ್ರಿಯವಾಯಿತು.

ಇವೆರಡರ ನಡುವೆ ಗಮನಿಸಬೇಕಾದ ಒಂದು ಒಳ್ಳೆಯ ಉದಾಹರಣೆಯೂ ಉಂಟು. 1981ರಲ್ಲಿ ಪ್ರಕಟವಾದ ‘ಕಾಲ್ ಆಫ್ ಕ್ತುಲು’ ಎಂಬ ಆಟ ಭಯಾನಕ ಕಥೆಗಳನ್ನು ಆಧರಿಸಿದ್ದು. ಅದರಲ್ಲಿ ಪ್ರತಿಯೊಂದು ಪಾತ್ರಕ್ಕೂ ಮನಸ್ಸಿನ ಸ್ವಾಸ್ಥ್ಯವನ್ನು ಸೂಚಿಸುವ ಒಂದು ಅಂಕವಿರುತ್ತದೆ. ಘೋರವಾದುದನ್ನು ಕಂಡಾಗಲೆಲ್ಲ ಆ ಅಂಕ ಇಳಿಯುವ ಸಂಭವವಿದೆ. ಆ ಕಥೆಗಳ ತಿರುಳಾದ ಭೀತಿಯನ್ನು ನೂರು ಪುಟಗಳ ವರ್ಣನೆಗಿಂತ ಚೆನ್ನಾಗಿ ಈ ಒಂದು ನಿಯಮ ಆಡುವವನ ಮನಸ್ಸಿಗೆ ಮುಟ್ಟಿಸುತ್ತದೆ. ಇಲ್ಲಿ ಕಟ್ಟಳೆಯೇ ಕಥೆಯನ್ನು ಹೊತ್ತು ತರುವ ವಾಹನವಾಗಿದೆ.

ಮೈಸೂರು ಅರಮನೆಯ ಆಟಗಳು

ಇಂತಹ ಪ್ರಯೋಗಗಳು ಕನ್ನಡ ನಾಡಿನಲ್ಲಿ ನಡೆದಿಲ್ಲವೆಂದು ಭಾವಿಸಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಳಾಂಗಣ ಆಟಗಳ ಮಹಾಪೋಷಕರು, ಸ್ವತಃ ಹೊಸ ಆಟಗಳ ನಿರ್ಮಾಪಕರು. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡ ಅನಂತರವೂ ಅವರ ಆಸ್ಥಾನದಲ್ಲಿ ಕಲೆ ಸಾಹಿತ್ಯಗಳೊಡನೆ ಆಟಗಳ ಶಾಸ್ತ್ರವೂ ಬೆಳೆಯಿತು. ಅವರ ಆಶ್ರಯದಲ್ಲಿ ರಚಿತವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳ ವಿಷಯವನ್ನು ಒಳಗೊಂಡಿದೆ. ಗಂಜೀಫಾ ಎಲೆಗಳ ಆಟವನ್ನು ಅವರು ಪುರಾಣದೇವತೆಗಳಿಂದ ವಿಸ್ತರಿಸಿ ‘ಛದ’ ಎಂಬ ಹೆಸರಿನ ಅನೇಕ ಆಟಗಳನ್ನು ರೂಪಿಸಿದರು. ದಶಾವತಾರದ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು; ಮುಮ್ಮಡಿಯವರ ಅತಿ ದೊಡ್ಡ ಆಟದಲ್ಲಿಯಾದರೋ 360 ಎಲೆಗಳು.

ಆ ಎಲೆಗಳ ಚಿತ್ರಗಾರಿಕೆಯನ್ನು ಇಂದಿಗೂ ಲೋಕ ಮೆಚ್ಚುತ್ತದೆ. ಆದರೆ ಆಟವಾಗಿ ಅವು ಅರಮನೆಯ ಹೊರಗೆ ಬೇರು ಬಿಡಲಿಲ್ಲ. ಅದೇ ಕಾಲದಲ್ಲಿ ಹಳ್ಳಿಯ ಜಗಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಗೆರೆ ಎಳೆದು, ಕವಡೆ ಹಾಕಿ ಆಡುತ್ತಿದ್ದ ಚೌಕಾಬಾರ ಮಾತ್ರ ಉಳಿಯಿತು. ಹದಿನಾಲ್ಕು ಗುಳಿಗಳ ಅಳಿಗುಳಿ ಮಣೆ, ತುಳುನಾಡಿನವರ ಚೆನ್ನೆಮಣೆ, ಇಲ್ಲಿಯವರ ಪಲ್ಲಾಂಗುಳಿ ಉಳಿಯಿತು. ಕಾರಣ ಸ್ಪಷ್ಟ. ಮುನ್ನೂರ ಅರವತ್ತು ಎಲೆಗಳ ಆಟದಲ್ಲಿ ಕಥೆಯ ಭಾರವೂ ಅಧಿಕ, ಕಟ್ಟಳೆಯ ಭಾರವೂ ಅಧಿಕ. ಕಲಿಸುವವರಿಗೆ ಬಿಡುವಿರಬೇಕು, ಕಲಿಯುವವರಿಗೆ ಪಾಂಡಿತ್ಯವಿರಬೇಕು. ಐದು ನಿಮಿಷದಲ್ಲಿ ಅಜ್ಜಿ ಮೊಮ್ಮಗಳಿಗೆ ಕಲಿಸಲಾಗದ ಆಟ ಮನೆಯಿಂದ ಮನೆಗೆ ಸಾಗುವುದು ಕಷ್ಟ.

ತಾಳಮದ್ದಳೆ: ಕನ್ನಡದ ಪಾತ್ರವಹನ

ಪಾತ್ರ ವಹಿಸಿ ಮಾತನಾಡುವ ಆಟಕ್ಕೆ ಅತ್ಯಂತ ಸಮೀಪವಾದುದು ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ಕನ್ನಡಿಗರ ತಾಳಮದ್ದಳೆ. ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೂ ಮದರಾಸು ರಾಜ್ಯದ ಭಾಗವಾಗಿದ್ದುದರಿಂದ, ಚೆನ್ನೈನ ಕನ್ನಡಿಗರಲ್ಲಿ ಅನೇಕರ ಮನೆತನಗಳಿಗೆ ಇದು ಹುಟ್ಟೂರಿನ ಕಲೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಮದ್ದಳೆ, ಚೆಂಡೆಗಳು ಜೊತೆಗೊಡುತ್ತವೆ. ಪದ್ಯ ಮುಗಿದೊಡನೆ ಆ ಪಾತ್ರದ ಅರ್ಥಧಾರಿ ಅದರ ಆಶಯವನ್ನು ತನ್ನದೇ ಮಾತುಗಳಲ್ಲಿ ವಿಸ್ತರಿಸುತ್ತಾನೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರು ಪಾತ್ರದವನು ಎತ್ತಿದ ಪ್ರಶ್ನೆಗೆ ಆ ಕ್ಷಣದಲ್ಲಿಯೇ ಉತ್ತರ ಹೊಳೆಯಬೇಕು. ಪಾಶ್ಚಾತ್ಯ ಆಟದ ಸೂತ್ರಧಾರನ ಸ್ಥಾನದಲ್ಲಿ ಇಲ್ಲಿ ಭಾಗವತರು, ಆಟಗಾರರ ಸ್ಥಾನದಲ್ಲಿ ಅರ್ಥಧಾರಿಗಳು, ಲೋಕದ ಸ್ಥಾನದಲ್ಲಿ ರಾಮಾಯಣ, ಭಾರತ, ಭಾಗವತಗಳು ನಿಂತಿವೆ ಎನ್ನಬಹುದು. ಇಲ್ಲದಿರುವುದು ದಾಳ ಒಂದೇ. ಎದುರಾಳಿಯ ಮುಂದಿನ ಮಾತು ಏನೆಂಬುದು ಯಾರಿಗೂ ತಿಳಿಯದು. ಆ ಅನಿಶ್ಚಿತತೆಯೇ ಇಲ್ಲಿಯ ದಾಳ.

ಆದರೆ ಒಂದು ಮೂಲಭೂತ ವ್ಯತ್ಯಾಸವಿದೆ. ಪಶ್ಚಿಮದ ಆಟದಲ್ಲಿ ಕೊನೆ ಏನಾಗುವುದೆಂದು ಮೊದಲೇ ಗೊತ್ತಿರುವುದಿಲ್ಲ. ತಾಳಮದ್ದಳೆಯಲ್ಲಿ ಕೊನೆ ಎಲ್ಲರಿಗೂ ಗೊತ್ತು. ವಾಲಿ ಸಾಯಲೇಬೇಕು, ಸಂಧಾನ ಮುರಿಯಲೇಬೇಕು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ವಾಲಿ ಕೇಳಿದಾಗ ರಾಮನ ಪಾತ್ರಧಾರಿ ಏನು ಹೇಳುವನೆಂಬುದು ಗೊತ್ತಿಲ್ಲ. ಇಂದು ವಾಲಿಯ ವಾದ ಮೇಲಾಗಬಹುದು, ನಾಳೆ ರಾಮನದು. ಅಲ್ಲಿ ಘಟನೆ ತೆರೆದಿರುತ್ತದೆ. ಇಲ್ಲಿ ಘಟನೆ ಮುಚ್ಚಿದ್ದು, ಅದರ ನ್ಯಾಯ ತೆರೆದಿರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟ (1918–2006), ದೇರಾಜೆ ಸೀತಾರಾಮಯ್ಯ (1914–1984), ಮಲ್ಪೆ ಶಂಕರನಾರಾಯಣ ಸಾಮಗ ಮೊದಲಾದ ಹಿರಿಯರ ಮಾತನ್ನು ಕೇಳಲು ಜನ ರಾತ್ರಿಯಿಡೀ ಕುಳಿತಿರುತ್ತಿದ್ದುದು ಕಥೆ ತಿಳಿಯಲೆಂದಲ್ಲ. ತಿಳಿದ ಕಥೆಯಲ್ಲಿ ತಿಳಿಯದ ನ್ಯಾಯವೊಂದು ಹೊರಡುವುದೆಂದು.

ಇಲ್ಲಿಯೂ ಅದೇ ಚರ್ಚೆ ನಡೆದಿದೆ. ಯಕ್ಷಗಾನದ ಟೆಂಟಿನ ಮೇಳಗಳ ಭರಾಟೆಯ ಕಾಲದಲ್ಲಿ ವರ್ಷವರ್ಷವೂ ಹೊಸ ಪ್ರಸಂಗಗಳು ಬಂದವು. ತುಳುವಿನ ‘ಕೋಟಿ ಚೆನ್ನಯ’ದಂತಹವು ಜನರ ನಂಬಿಕೆಯಲ್ಲಿ ಮೊದಲೇ ಬೇರೂರಿದ್ದುದರಿಂದ ನೆಲೆನಿಂತವು, ಕೇವಲ ಹೊಸತನಕ್ಕಾಗಿ ಹೆಣೆದ ಅನೇಕ ಕಥೆಗಳು ಒಂದೆರಡು ತಿರುಗಾಟಗಳಲ್ಲಿ ಮರೆಯಾದವು. ಇನ್ನೊಂದೆಡೆ ಶಿವರಾಮ ಕಾರಂತರು (1902–1997) ಕಥೆಯನ್ನು ಬದಲಿಸದೆ ಕಟ್ಟಳೆಯನ್ನು ಬದಲಿಸಿದರು. ಮಾತನ್ನು ಮೊಟಕುಗೊಳಿಸಿ, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದು, ನೃತ್ಯಪ್ರಧಾನವಾದ ಯಕ್ಷಗಾನವನ್ನು ರೂಪಿಸಿದರು. ಕನ್ನಡ ಬಾರದ ಪ್ರೇಕ್ಷಕರಿಗೂ ಅದು ತಲುಪಿತು. ಮಾತೇ ಯಕ್ಷಗಾನದ ಪ್ರಾಣವೆನ್ನುವವರು ಅದನ್ನು ಒಪ್ಪಲಿಲ್ಲ. ಈಚಿನ ದಶಕಗಳಲ್ಲಿ ಬಂದಿರುವ ಕಾಲಮಿತಿಯ ಪ್ರದರ್ಶನವೂ ಕಟ್ಟಳೆಯ ಬದಲಾವಣೆಯೇ. ರಾತ್ರಿಯಿಡೀ ನಿದ್ದೆಗೆಡಲಾರದ ನೌಕರಿಯವರಿಗೆ ಅದು ಉಪಕಾರ ಮಾಡಿತು. ನಿಧಾನವಾಗಿ ಬೆಳೆಯುತ್ತಿದ್ದ ವಾದಸರಣಿಗೆ ಕತ್ತರಿಯನ್ನೂ ಹಾಕಿತು.

ಪ್ರಶ್ನೆಯ ಪರಿಹಾರ

ಈ ಎಲ್ಲ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕಥೆಯೋ ಕಟ್ಟಳೆಯೋ ಎಂಬ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಉತ್ತರ ದೊರೆಯದು. ಆದರೆ ಯಾವಾಗ ಯಾವುದು ಬೇಕೆಂಬುದನ್ನು ಪರೀಕ್ಷಿಸುವ ಉಪಾಯವಿದೆ. ಆಟ ಎಲ್ಲಿ ನಿಲ್ಲುತ್ತದೆಂಬುದನ್ನು ಗಮನಿಸಬೇಕು. ‘ಈಗ ಏನು ಮಾಡಬೇಕು?’ ಎಂದು ಆಡುವವನು ತಡವರಿಸಿದರೆ ಕೊರತೆ ಕಟ್ಟಳೆಯದು. ‘ಇದನ್ನು ಏಕೆ ಮಾಡಬೇಕು?’ ಎಂದು ಬೇಸರಿಸಿದರೆ ಕೊರತೆ ಕಥೆಯದು. ಮೊದಲನೆಯ ರೋಗಕ್ಕೆ ಎರಡನೆಯದರ ಔಷಧ ಕೊಟ್ಟರೆ ಗುಣವಾಗದು. ತಡವರಿಸುವವನ ಮುಂದೆ ಇನ್ನೂ ಹತ್ತು ಪುರಾಣಗಳನ್ನು ಸುರಿದರೆ ಅವನು ಮತ್ತಷ್ಟು ತಡವರಿಸುತ್ತಾನೆ.

ಬಂಡವಾಳದ ದೃಷ್ಟಾಂತದಿಂದ ಇದನ್ನು ಹೀಗೆ ವಿವರಿಸಬಹುದು. ಕಥೆ ಮೂಲಧನ; ಕಟ್ಟಳೆ ಅದನ್ನು ಕೈಯಿಂದ ಕೈಗೆ ಓಡಾಡಿಸುವ ವ್ಯವಸ್ಥೆ. ಮೂಲಧನವೇ ಇಲ್ಲದೆ ವ್ಯವಸ್ಥೆ ಮಾಡಿಕೊಂಡವನು ಬೇಗ ಬರಿಗೈಯಾಗುತ್ತಾನೆ. ತಿಜೋರಿ ತುಂಬಿದ್ದರೂ ಓಡಾಟವಿಲ್ಲದ ಹಣ ಬೆಳೆಯದು. ವರ್ಷವರ್ಷವೂ ಅದರ ಬೆಲೆ ಕುಗ್ಗುತ್ತದೆ.

ಚೆನ್ನೈನಂತಹ ನಗರದಲ್ಲಿ ಬೆಳೆಯುವ ಕನ್ನಡ ಮಕ್ಕಳ ಸ್ಥಿತಿಗೆ ಈ ದೃಷ್ಟಾಂತ ನೇರವಾಗಿ ಅನ್ವಯಿಸುತ್ತದೆ. ಕನ್ನಡಿಗರಿಗೆ ಕಥೆಯ ಬರವಿಲ್ಲ. ಆದರೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು ಆಡುವ ಮಗುವಿಗೆ ಕನ್ನಡ ಅಡುಗೆಮನೆಯ ಭಾಷೆಯಾಗಿ ಮಾತ್ರ ಉಳಿಯುವ ಸಂಭವವಿದೆ. ‘ಊಟಕ್ಕೆ ಬಾ’, ‘ನೀರು ಕೊಡು’ ಎಂಬಷ್ಟಕ್ಕೆ ಸಾಲುವ ಭಾಷೆ ‘ಇದು ನ್ಯಾಯವಲ್ಲ, ಏಕೆಂದರೆ’ ಎಂದು ವಾದಿಸುವುದಕ್ಕೆ ಸಾಲದು. ವಾದಿಸಲು ಬಾರದ ಭಾಷೆಯಲ್ಲಿ ಮನುಷ್ಯ ಆಲೋಚನೆಯನ್ನೂ ಬಿಡುತ್ತಾನೆ. ಅನಂತರ ಮಾತನ್ನೂ ಬಿಡುತ್ತಾನೆ. ಆಮೇಲೆ ಅಜ್ಜ ಮೊಮ್ಮಕ್ಕಳ ನಡುವೆ ಉಳಿಯುವುದು ಕುಶಲಪ್ರಶ್ನೆ ಮಾತ್ರ. ಈ ಕೊರತೆಯನ್ನು ಪುರಾಣಪುಸ್ತಕಗಳ ಉಡುಗೊರೆಯಿಂದ ತುಂಬಲಾಗದು. ಇಲ್ಲಿ ಬೇಕಾದುದು ಕಟ್ಟಳೆ.

ಅಂತಹ ಕಟ್ಟಳೆ ಕಠಿನವಾಗಿರಬೇಕಿಲ್ಲ. ಉದಾಹರಣೆಗೆ ಉದ್ಯೋಗಪರ್ವದ ಕೃಷ್ಣ–ಕರ್ಣರ ಭೇಟಿಯೊಂದನ್ನೇ ತೆಗೆದುಕೊಳ್ಳಬಹುದು. ಹಿರಿಯರೊಬ್ಬರು ಭಾಗವತರ ಸ್ಥಾನದಲ್ಲಿ ಕುಳಿತು ಸನ್ನಿವೇಶವನ್ನು ಹತ್ತು ವಾಕ್ಯಗಳಲ್ಲಿ ಹೇಳಲಿ. ಇಬ್ಬರು ಮಕ್ಕಳು ಪಾತ್ರ ವಹಿಸಲಿ. ಒಬ್ಬೊಬ್ಬರ ಸರದಿಗೆ ಮೂರು ನಿಮಿಷ. ಎದುರಿನವರ ಪ್ರಶ್ನೆಗೆ ಉತ್ತರ ಹೇಳಿದ ಮೇಲೆಯೇ ತನ್ನ ಮಾತು ಮುಂದುವರಿಸಬೇಕು, ಕೊನೆಗೆ ಒಂದು ಪ್ರಶ್ನೆಯನ್ನು ಬಿಟ್ಟು ಕೂರಬೇಕು. ಕರ್ಣನ ಕೈಯಲ್ಲಿ ಒಂದು ಚೀಟಿ: ಅದರಲ್ಲಿ ದುರ್ಯೋಧನನು ತನಗೆ ಅಂಗರಾಜ್ಯವನ್ನು ಕೊಟ್ಟ ಸಂಗತಿ. ಕೃಷ್ಣನ ಕೈಯಲ್ಲಿ ಇನ್ನೊಂದು: ಅದರಲ್ಲಿ ಕರ್ಣನ ಜನ್ಮರಹಸ್ಯ. ಯಾವ ಕ್ಷಣದಲ್ಲಿ ಅದನ್ನು ಹೊರಗೆಡಹಬೇಕೆಂಬುದು ಆಡುವವನ ಜಾಣ್ಮೆಗೆ ಬಿಟ್ಟದ್ದು. ಕನ್ನಡದ ಶಬ್ದ ಸಿಕ್ಕದಾಗ ಸಭೆಯಲ್ಲಿರುವ ಹಿರಿಯರೊಬ್ಬರನ್ನು ಮೂರು ಬಾರಿ ಕೇಳಬಹುದು. ಕರ್ಣ ಪಾಂಡವರ ಕಡೆಗೆ ಹೋಗುವಂತಿಲ್ಲ. ಏಕೆ ಹೋಗಲಿಲ್ಲವೆಂಬುದನ್ನು ಮಾತ್ರ ಅವನು ತನ್ನದೇ ಮಾತಿನಲ್ಲಿ ಸ್ಥಾಪಿಸಬೇಕು.

ಈ ನಿಯಮಗಳಲ್ಲಿ ಒಂದೊಂದೂ ಒಂದೊಂದು ಕೆಲಸ ಮಾಡುತ್ತದೆ. ಕಾಲಮಿತಿ ನಾಚುವ ಮಗುವಿನ ಭಯವನ್ನು ಕಳೆಯುತ್ತದೆ, ಮಾತಾಳಿಯ ಬಾಯನ್ನು ಹಿಡಿಯುತ್ತದೆ. ಉತ್ತರ ಕೊಡಲೇಬೇಕೆಂಬ ಕಟ್ಟಳೆ ಕಂಠಪಾಠದ ಭಾಷಣವನ್ನು ತಡೆಯುತ್ತದೆ. ಶಬ್ದ ಕೇಳುವ ಅವಕಾಶ, ಮೂಲೆಯಲ್ಲಿ ಸುಮ್ಮನೆ ಕುಳಿತ ಹಿರಿಯರನ್ನು ಆಟಕ್ಕೆ ಅನಿವಾರ್ಯರನ್ನಾಗಿ ಮಾಡುತ್ತದೆ. ಚೀಟಿಯಲ್ಲಿದ್ದ ಒಂದು ಸಾಲಿನ ಕಥೆ, ಪೂರ್ತಿ ಕಥೆ ಏನೆಂದು ಕೇಳುವ ಹಸಿವನ್ನು ಹುಟ್ಟಿಸುತ್ತದೆ. ಪುಸ್ತಕ ಕೊಡಬೇಕಾದ ಸಮಯ ಆಗ ಬರುತ್ತದೆ. ಕಥೆಯ ಸಂಗ್ರಹ ಹೆಚ್ಚಬೇಕಾದುದೂ ಆಗಲೇ. ಅಬ್ಬಕ್ಕನ ಇತಿಹಾಸವಾಗಲಿ, ಕೋಟಿ ಚೆನ್ನಯರ ಚರಿತ್ರೆಯಾಗಲಿ, ಊರು ಬಿಟ್ಟು ಮದರಾಸಿಗೆ ಬಂದು ಹೋಟೆಲು ತೆರೆದವರ ಬದುಕಾಗಲಿ, ಹೊಸ ಪ್ರಸಂಗಗಳಾಗಿ ಆಗ ಸಹಜವಾಗಿ ಸೇರಿಕೊಳ್ಳುತ್ತವೆ.

ಇದರಿಂದ ತಾಳಮದ್ದಳೆಯ ಘನತೆಗೆ ಕುಂದುಂಟಾಗುವುದೆಂದು ರಸಿಕರು ಶಂಕಿಸಬಹುದು. ಆ ಶಂಕೆ ಅಕಾರಣವಲ್ಲ. ಚೀಟಿ, ಗಡಿಯಾರಗಳ ಈ ಕೂಟ ತಾಳಮದ್ದಳೆಯ ಸ್ಥಾನವನ್ನು ತುಂಬಲಾರದು, ತುಂಬಬೇಕಾಗಿಯೂ ಇಲ್ಲ. ಅದು ಮೆಟ್ಟಿಲು ಮಾತ್ರ. ಆದರೆ ಮೆಟ್ಟಿಲಿಲ್ಲದ ಉಪ್ಪರಿಗೆಯನ್ನು ಕೆಳಗೆ ನಿಂತು ಹೊಗಳಿದ ಮಾತ್ರಕ್ಕೆ ಮಕ್ಕಳು ಅದನ್ನು ಏರಲಾರರು. ಸಂಘದ ವಾರ್ಷಿಕೋತ್ಸವಗಳಲ್ಲಿ ಒಂದು ಗಂಟೆಯನ್ನು ಇದಕ್ಕೆಂದು ಮೀಸಲಿಡುವುದು ದುಬಾರಿಯ ಕಾರ್ಯವಲ್ಲ. ಒಂದು ಚಾಪೆ, ಒಂದು ಗಡಿಯಾರ, ಕೆಲವು ಚೀಟಿಗಳು, ಮತ್ತು ತಾಳ್ಮೆಯುಳ್ಳ ಒಬ್ಬ ಹಿರಿಯರು ಇದ್ದರೆ ಸಾಕು. ಕಥೆಯ ಮೂಲಧನವನ್ನು ಪೂರ್ವಿಕರು ಧಾರಾಳವಾಗಿ ಬಿಟ್ಟುಹೋಗಿದ್ದಾರೆ. ಅದನ್ನು ಮುಂದಿನವರ ಕೈಗೆ ದಾಟಿಸುವ ಕಟ್ಟಳೆಯನ್ನು ಹುಡುಕಿಕೊಳ್ಳುವ ಹೊಣೆ ಈ ತಲೆಮಾರಿನದು.